ದರ್ಜಿಯ ಗೋಡೆಯ ಗೆರೆ

ಬೆಳಗಿನಿಂದ ರೇಡಿಯೋ ಒಂದೇ ಸಮನೆ ಹೇಳುತ್ತಿತ್ತು: ಚಂಡಮಾರುತ ಬರುತ್ತಿದೆ, ನದಿ ಪಕ್ಕದ ತಗ್ಗು ಬೀದಿಯವರು ಎತ್ತರದ ಜಾಗಕ್ಕೆ ಹೋಗಿ. ತಗ್ಗು ಬೀದಿಯ ದರ್ಜಿ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ.

"ಸಮುದ್ರ ಎಲ್ಲಿ, ನಾವೆಲ್ಲಿ?" ಎಂದ, ಹೊಲಿಗೆ ಯಂತ್ರ ತುಳಿಯುತ್ತಲೇ. "ಆ ಗಾಳಿಗೆ ನಮ್ಮೂರಿನ ದಾರಿನೇ ಗೊತ್ತಿಲ್ಲ."

ಹೇಳಿದ್ದು ತಂಗಿಗೆ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅವಳು ಅಮ್ಮನನ್ನು ತನ್ನ ಮಹಡಿ ಮನೆಗೆ ಕರೆದೊಯ್ಯಲು ಬಂದಿದ್ದಳು. ಗಾಳಿ ದಾರಿಯಲ್ಲೇ ಸುಸ್ತಾದರೂ ಹೊತ್ತು ತಂದ ಮಳೆಯನ್ನು ಒಳನಾಡಿನಲ್ಲೇ ಸುರಿಯುತ್ತದೆ, ಮೇಲಿನ ಹಳ್ಳಗಳೆಲ್ಲ ನಮ್ಮ ನದಿಗೇ ಸೇರುತ್ತವೆ, ಇಲ್ಲಿ ಹನಿ ಬೀಳದಿದ್ದರೂ ನೆರೆ ಬರಬಹುದು ಎಂದು ಬಿಡಿಸಿ ಹೇಳಿದಳು. ಜಪ್ಪಯ್ಯ ಎಂದರೂ ದರ್ಜಿ ಕದಲಲಿಲ್ಲ. ಮಂಡಿನೋವಿನ ಅಮ್ಮ ಮಂಚದ ಮೇಲೆ ಮಲಗಿ, ಮಕ್ಕಳ ಜಗಳವನ್ನು ಸಿನಿಮಾ ನೋಡಿದಂತೆ ನೋಡುತ್ತಿದ್ದಳು.

ತಂಗಿ ಸಿಟ್ಟಿನಿಂದ ಗೋಡೆಗೆ ನೇತುಹಾಕಿದ್ದ ಅಂಗಿಗಳನ್ನು ತೆಗೆದು ಗಂಟು ಕಟ್ಟತೊಡಗಿದಳು. ಅವುಗಳ ಹಿಂದೆ ಕಂದು ಗೆರೆಯೊಂದು ಕಂಡಿತು. ಈ ಮನೆಗೆ ಬಾಡಿಗೆಗೆ ಬಂದಾಗ ದರ್ಜಿಗೆ ಅದು ಬಹಳ ಹಿಡಿಸಿತ್ತು. ದಾರ ಹಿಡಿದು ಎಳೆದಷ್ಟು ನೇರ. ಅದರ ಮೇಲೇ ಸಾಲಾಗಿ ಮೊಳೆ ಹೊಡೆದು ಹೊಲಿದ ಬಟ್ಟೆ ತೂಗುಹಾಕುತ್ತಿದ್ದ.

"ತೇವದ ಕಲೆ ಅದು," ಎಂದ.

ತಂಗಿ ಅಡುಗೆಮನೆಗೆ ಹೋದಳು, ಬೀದಿಗೆ ಹೋದಳು, ಮರಳಿ ಬಂದಳು. "ಅಡುಗೆಮನೇಲೂ ಇದೇ ಮಟ್ಟಕ್ಕಿದೆ. ಎದುರುಮನೆ ಗೋಡೇಲೂ ಇದೆ. ತೇವ ಇಷ್ಟು ನೇರ ಹತ್ತಲ್ಲ ಅಣ್ಣಾ. ಇದು ನೀರು ನಿಂತ ಗುರುತು."

ದರ್ಜಿ ಕೊರಳಿನ ಟೇಪು ತೆಗೆದು ಗೆರೆಗೆ ಹಿಡಿದು ಇಳಿಬಿಟ್ಟ. ಗೆರೆ ಅವನ ಕುತ್ತಿಗೆ ಮಟ್ಟಕ್ಕಿತ್ತು. ಅಮ್ಮ ಮಂಚದ ಮೇಲೆ ಎದ್ದು ಕೂತರೂ ಅವಳ ತಲೆ ಅದಕ್ಕೆ ಮುಟ್ಟುತ್ತಿರಲಿಲ್ಲ. ಅವನು ಟೇಪನ್ನು ಅಲ್ಲೇ ಬಿಟ್ಟು ಮಂಚದ ಬಳಿ ಹೋದ.

"ಅಮ್ಮಾ, ಏಳು. ಹೋಗೋಣ."

"ನನ್ನ ಎತ್ತಿದ್ರೆ ನಿನ್ನ ಸೊಂಟ ಹಿಡ್ಕೊಳ್ಳುತ್ತೆ ಕಣೋ."

"ಹಿಡ್ಕೊಳ್ಳಲಿ. ತಂಗಿ ನರ್ಸು ತಾನೇ."

ಮೇನ್ ಸ್ವಿಚ್ ಆರಿಸಿ, ಯಂತ್ರವನ್ನು ಅಟ್ಟಕ್ಕೇರಿಸಿ, ಔಷಧಿ, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು, ಕುಡಿಯುವ ನೀರು ತುಂಬಿಕೊಂಡು, ಬೆಳಕಿರುವಾಗಲೇ ಹೊರಟರು. ಅಮ್ಮ ಮಗನ ಬೆನ್ನ ಮೇಲಿದ್ದಳು. ದಾರಿಯುದ್ದಕ್ಕೂ ಅವನಿಗೆ ನಡಿಗೆ ಹೇಳಿಕೊಡುತ್ತಿದ್ದಳು.

ನೆರೆ ಬಂತು. ಇಳಿದ ಮೇಲೆ ದರ್ಜಿ ಬಾಗಿಲು ತೆರೆದು ನೋಡಿದರೆ ಮೊಳೆಗಳಿಗೆಲ್ಲ ಕೆಸರು ಮೆತ್ತಿತ್ತು. ಅಮ್ಮನ ಮಂಚ ಅಡುಗೆಮನೆಗೆ ತೇಲಿಹೋಗಿ ಮಗುಚಿ ಬಿದ್ದಿತ್ತು. ಅವನು ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟ.

ನಿಮ್ಮ ಗೋಡೆಯಲ್ಲೂ ಇಂಥ ಗೆರೆ ಇದೆಯೇ ನೋಡಿ. ಕಾಣದಿದ್ದರೆ ಬೀದಿಯ ಹಿರಿಯರನ್ನು ಕೇಳಿ. ಎಚ್ಚರಿಕೆ ಬಂದ ದಿನ ಸಮುದ್ರದ ದೂರ ಲೆಕ್ಕ ಹಾಕುತ್ತ ಕೂರಬೇಡಿ, ಹರಿಯುವ ನೀರಿಗೆ ಕಾಲಿಡಬೇಡಿ. ಮನೆಯಲ್ಲಿ ನಡೆಯಲಾರದವರನ್ನು ಮೊದಲು ಎತ್ತರಕ್ಕೆ ಸೇರಿಸಿ. ಮಂಚವನ್ನು ಮತ್ತೆ ಮಾಡಿಸಬಹುದು.