ನಕ್ಷತ್ರದೊಳಗಿನ ಗೋಡೆ

ಸುಮತಿ ಜಗುಲಿಯ ಮೇಲೆ ಕೂತಿದ್ದಳು ಅನ್ನುವುದಕ್ಕಿಂತ ಕೂರಲು ಹೆಣಗುತ್ತಿದ್ದಳು ಅನ್ನುವುದೇ ಸರಿ. ಕಾಲು ಅಲುಗುತ್ತಿತ್ತು, ಕೈಯಲ್ಲಿದ್ದ ಪೆನ್ನು ನೆಲ ಕುಟ್ಟುತ್ತಿತ್ತು. ಕರಿಹಲಗೆಯ ಮುಂದೆ ನಿಂತಿದ್ದ ಪ್ರೊಫೆಸರ್ ವಿಷ್ಣುತೀರ್ಥರು ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ ಎಳೆದರು. ಚಪ್ಪಟೆ ಗೆರೆ. ವರ್ಷಗಟ್ಟಲೆಯಿಂದ ಅವರು ಎಳೆಯುತ್ತ ಬಂದ, ಅವರಿಗೆ ಹೆಸರು ತಂದುಕೊಟ್ಟ ಗೆರೆ.

"ಇಲ್ಲಿಗೆ ನ್ಯೂಟ್ರಾನ್ ಮುಗೀತು. ಇಲ್ಲಿಂದ ಕೆಳಗೆ ಕ್ವಾರ್ಕು. ನಡುವೆ ಏನೂ ಇಲ್ಲ. ಬುಧವಾರ ಸಭೆಯಲ್ಲಿ ನೀನು ತೋರಿಸಬೇಕಾದ್ದು ಇಷ್ಟೇ. ತಿಳೀತೇನಮ್ಮಾ?"

ಆ ತಮಿಳು ಮಹಾನಗರದ ದಕ್ಷಿಣದ ತುದಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಷ್ಣುತೀರ್ಥರು ಸುಮತಿಯ ಗೈಡು. ವಾರವಿಡೀ ಅಲ್ಲಿ ಇಂಗ್ಲಿಷಿನಲ್ಲಿ ಪಾಠ. ಭಾನುವಾರ ಮಾತ್ರ ತಿರುವಲ್ಲಿಕೇಣಿಯ ತಮ್ಮ ಹಳೇ ಮನೆಯ ಜಗುಲಿಯಲ್ಲಿ, ಕನ್ನಡ ಬಲ್ಲ ಇಬ್ಬರು ವಿದ್ಯಾರ್ಥಿಗಳಿಗೆ ಕನ್ನಡದಲ್ಲೇ ಪಾಠ. ಸಂಸ್ಥೆಯಲ್ಲಿ "ಮಿಸ್ ಸುಮತಿ" ಆಗಿದ್ದವಳು ಇಲ್ಲಿಗೆ ಬರುತ್ತಲೇ "ಏನಮ್ಮಾ, ನೀನು" ಆಗುತ್ತಿದ್ದಳು. ಪ್ರೀತಿ ಅಂತ ಅವರು ತಿಳಿದಿದ್ದರು. ಮೊದಮೊದಲು ಅವಳೂ ಹಾಗೇ ತಿಳಿದಿದ್ದಳು.

ಅವರ ವಿಷಯ ಸತ್ತ ನಕ್ಷತ್ರಗಳದ್ದು. ಭಾರೀ ನಕ್ಷತ್ರವೊಂದು ಉರಿದು ಮುಗಿದಾಗ ಅದರ ಒಡಲು ತನ್ನ ಭಾರಕ್ಕೆ ತಾನೇ ಕುಸಿದು ಗಟ್ಟಿಯಾಗುತ್ತದೆ. ತೂಕದಲ್ಲಿ ಸೂರ್ಯನನ್ನೂ ಮೀರಿಸುತ್ತದೆ, ಗಾತ್ರ ನೋಡಿದರೆ ಊರಿನ ಈ ತುದಿಯಿಂದ ಆ ತುದಿ, ತಿರುವೊಟ್ಟಿಯೂರಿನಿಂದ ವೇಲಚೇರಿಯ ತನಕ. ಅದೇ ನ್ಯೂಟ್ರಾನ್ ನಕ್ಷತ್ರ. ಒಳಗಿಳಿದಂತೆಲ್ಲ ಒತ್ತಡ ಏರುತ್ತ ಏರುತ್ತ, ಯಾವುದೋ ಆಳದಲ್ಲಿ ನ್ಯೂಟ್ರಾನುಗಳೇ ಒಡೆದು ಅವುಗಳೊಳಗಿನ ಕ್ವಾರ್ಕುಗಳು ಬಯಲಿಗೆ ಬೀಳಬಹುದು, ನೀರು ಆವಿಯಾದ ಹಾಗೆ. ಆ ದಾಟು ಹೇಗಿರುತ್ತದೆ ಅನ್ನುವುದೇ ತಕರಾರು. ಮೇಲೊಂದು ಕೆಳಗೊಂದು ಎಂದು ಗೋಡೆ ಹಾಕಿದಂತೆ ಬೇರೆಯೇ? ಇಲ್ಲಾ, ಎರಡೂ ಒಂದರೊಳಗೊಂದು ಬೆರೆತ ದಪ್ಪ ಪದರವಿದೆಯೇ?

ವಿಷ್ಣುತೀರ್ಥರು ಗೋಡೆಯ ಪಕ್ಷ. ಅವರು ಬರೆದ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಒಂದು ಪದ್ಧತಿಯಿತ್ತು. ಎರಡು ದ್ರವ್ಯಗಳನ್ನು ಎದುರುಬದುರು ಇಡುವ ಮೊದಲು ಒಂದೊಂದರ ವಿದ್ಯುದಂಶವನ್ನೂ ಬೇರೆ ಬೇರೆಯಾಗಿ ಸೊನ್ನೆಗೆ ತರುವುದು. ಇದರ ಶುದ್ಧಿ ಇದಕ್ಕೆ, ಅದರ ಶುದ್ಧಿ ಅದಕ್ಕೆ. ಹಾಗೆ ಮಾಡಿದರೆ ಗೋಡೆ ತಾನಾಗಿ ಬಂದು ನಿಲ್ಲುತ್ತದೆ. ಒಂದು ಪೀಳಿಗೆಯ ವಿದ್ಯಾರ್ಥಿಗಳು ಆ ಪ್ರೋಗ್ರಾಮನ್ನು ಪ್ರಶ್ನೆ ಕೇಳದೆ ತೆಗೆದುಕೊಂಡು, ಓಡಿಸಿ, ಡಾಕ್ಟರೇಟು ಪಡೆದು ಹೋಗಿದ್ದರು. ಸುಮತಿ ಕೇಳಿದಳು. ಒಟ್ಟು ನಕ್ಷತ್ರ ಸೊನ್ನೆಯಾಗಿದ್ದರೆ ಸಾಲದೇ? ನ್ಯೂಟ್ರಾನಿನ ಭಾಗ ಒಂದಿಷ್ಟು ಧನದ ಕಡೆಗೆ, ಕ್ವಾರ್ಕಿನ ಭಾಗ ಒಂದಿಷ್ಟು ಋಣದ ಕಡೆಗೆ ವಾಲಿ, ಒಬ್ಬರ ಹೊರೆ ಇನ್ನೊಬ್ಬರು ಹೊತ್ತರೆ? ಪ್ರೋಗ್ರಾಮನ್ನು ಬಿಚ್ಚಿ ಆ ಕಟ್ಟು ತೆಗೆದು ಓಡಿಸಿದಳು. ಗೋಡೆಯಿದ್ದರೆ ಒತ್ತಡದ ನಕ್ಷೆಯಲ್ಲಿ ಗೆರೆ ಚಪ್ಪಟೆ; ಈಗ ಅದು ಏರುಗೆರೆಯಾಯಿತು. ಗೋಡೆ ಇದ್ದ ಜಾಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಬೆರಕೆ ಪದರ ಕಂಡಿತು. ಹೊರದೇಶದಲ್ಲಿ ಇದನ್ನು ಹತ್ತು ವರ್ಷಗಳ ಹಿಂದೆಯೇ ಹೇಳಿದ್ದರು. ಈ ಜಗುಲಿಗೆ ಮಾತ್ರ ಸುದ್ದಿ ಏರಿರಲಿಲ್ಲ.

"ಸಾರ್, ನೀರು ಒಂದೇ ವಸ್ತು," ಅಂದಳು. "ಕುದಿಯೋಕೆ ಶುರುವಾದ್ರೆ ಮುಗಿಯೋ ತನಕ ಅದೇ ಬಿಸಿ. ಸಾರಾಯಿ ಹಂಗಲ್ಲ. ಅದರಲ್ಲಿ ಎರಡು ಬೆರೆತಿರುತ್ತೆ, ಕುದೀತಾ ಕುದೀತಾ ಬಿಸಿ ಏರ್ತಾನೇ ಹೋಗುತ್ತೆ. ನಕ್ಷತ್ರದಲ್ಲೂ ಕಾಪಾಡಬೇಕಾದ್ದು ಎರಡು. ಕಣಗಳ ಲೆಕ್ಕ ಒಂದು, ವಿದ್ಯುದಂಶ ಒಂದು."

"ಸಾರಾಯಿ!" ವಿಷ್ಣುತೀರ್ಥರು ಒಳಮನೆಯ ಕಡೆ ಕಣ್ಣು ಹಾಯಿಸಿದರು. "ಮೆತ್ತಗೆ ಮಾತಾಡಮ್ಮಾ. ಉದಾಹರಣೆಗೂ ಒಂದು ಮರ್ಯಾದೆ ಬೇಡವೇ?"

"ಕಾಯಿಸೋದನ್ನ ಕಂಡಿದ್ದೀನಿ ಸಾರ್. ಅದಕ್ಕೇ ಹೇಳ್ದೆ."

ಪಕ್ಕದಲ್ಲಿದ್ದ ಮುರಳೀಧರ ಕೆಮ್ಮಿನ ಒಳಗೆ ನಗು ಅಡಗಿಸಿದ. ಬ್ಯಾಂಕ್ ಉದ್ಯೋಗಿಯ ಮಗ, ಸುಮತಿಗಿಂತ ಎರಡು ವರ್ಷ ಕಿರಿಯ ಸಂಶೋಧಕ, ತಮಿಳಿಲ್ಲದೆ ಒಂದು ವಾಕ್ಯ ಆಡಲಾರದವನು. ಅಷ್ಟರಲ್ಲಿ ವಿಷ್ಣುತೀರ್ಥರ ಹೆಂಡತಿ ಜಯಲಕ್ಷ್ಮೀ ಕಾಫಿ ತಂದಿಟ್ಟರು. ಪ್ಲಾಸ್ಟಿಕ್ ಲೋಟಗಳಲ್ಲಿ.

ಈ ಲೋಟಗಳದ್ದೂ ಒಂದು ಕಥೆ. ಹಿಂದೆಲ್ಲ ಈ ಜಗುಲಿಯಲ್ಲಿ ವಿದ್ಯಾರ್ಥಿಗಳಿಗೆ ಹಿತ್ತಾಳೆಯ ಡಬರಿ ಲೋಟದಲ್ಲಿ ಕಾಫಿ ಬರುತ್ತಿತ್ತಂತೆ. ಸುಮತಿ ಸೇರಿದ ವರ್ಷ, ಅವಳ ತಂದೆ ಯಾರು, ಗದಗಿನ ಕಡೆ ಯಾವ ಕೇರಿಯವರು ಎಂಬುದು ಮಾತಿನ ಮಧ್ಯೆ ತಿಳಿದ ಮೇಲೆ, ಎಸೆಯುವ ಲೋಟ ಬಂತು. ಅವಳಿಗಷ್ಟೇ ಅಲ್ಲ, ಎಲ್ಲರಿಗೂ. ತೊಳೆಯುವ ಕಷ್ಟ ತಪ್ಪಿತು ಎಂದರು ಜಯಲಕ್ಷ್ಮೀ. ಯಾರನ್ನೂ ಬೇರೆ ಕೂರಿಸಲಿಲ್ಲ, ಯಾರಿಗೂ ಒಂದು ಮಾತು ಅನ್ನಲಿಲ್ಲ. ದೂರುವುದಕ್ಕೆ ಹಿಡಿಯೇ ಸಿಗದಂಥ ಅವಮಾನ. ಕಾಲ ಬದಲಾಗಿದೆ ಅನ್ನುವವರು ಇಂಥ ಜಗುಲಿಗಳಿಗೆ ಬಂದು ನೋಡಬೇಕು. ಎಷ್ಟು ನಾಜೂಕಾಗಿ ಬದಲಾಗಿದೆ ಎಂದು.

"ಅಕ್ಕಾ, ನೀವು ಬಂದು ನಮಗೆಲ್ಲಾ ಸಮತ್ವ ತಂದ್ರಿ, ಪಾರುಂಗೊ, ನೋಡಿ," ಎಂದು ಮುರಳೀಧರ ಒಮ್ಮೆ ಅವಳ ಕಿವಿಯಲ್ಲಿ ಅಂದಿದ್ದ.

ವಿಷ್ಣುತೀರ್ಥರು ದಡ್ಡರಲ್ಲ. ಕಾಫಿ ಕುಡಿದು ಅವರು ತಮ್ಮ ಅಸ್ತ್ರ ತೆಗೆದರು. "ಸೆರಿ. ಬೆರಕೆ ಪದರ ಇದೆ ಅಂತಲೇ ಇಟ್ಟುಕೋ. ಒಂದರೊಳಗೆ ಇನ್ನೊಂದು ಹನಿಯಾಗಿ, ಕಡ್ಡಿಯಾಗಿ, ಹಾಳೆಯಾಗಿ ಹರಡಬೇಕು."

"ಬೋಂಡಾ, ಇಡಿಯಾಪ್ಪಂ ಶಾವಿಗೆ, ದೋಸೆ," ಅಂದ ಮುರಳೀಧರ.

"ಸುಮ್ನಿರೋ. ಒಂದೊಂದು ಹನಿಗೂ ಒಂದು ಮೇಲ್ಮೈ. ಆ ಮೇಲ್ಮೈಯ ಎಳೆತಕ್ಕೆ ಶಕ್ತಿ ಖರ್ಚಾಗುತ್ತೆ. ಎಳೆತ ಜಾಸ್ತಿ ಇದ್ದರೆ ಹನಿ ಕಟ್ಟೋದು ದುಬಾರಿ, ಗೋಡೆಯೇ ಅಗ್ಗ. ಆಗ ನನ್ನ ಗೆರೆಯೇ ಗೆಲ್ಲುತ್ತೆ."

"ಒಪ್ಪಿದೆ ಸಾರ್. ಎಳೆತ ಜಾಸ್ತಿ ಅಂತ ಅಳೆದವರು ಯಾರು?"

"ಯಾರೂ ಅಳೆದಿಲ್ಲ. ಅಳೆಯೋಕೆ ಆಗೋದೂ ಇಲ್ಲ. ಅದು ಅಂದಾಜು."

"ನಿಮ್ಮ ಪೇಪರಿನಲ್ಲಿ ಆ ಅಂದಾಜಿನ ಮಾತೇ ಇಲ್ಲ ಸಾರ್. ಇಷ್ಟರ ಕೆಳಗಿದ್ರೆ ಬೆರಕೆ, ಮೇಲಿದ್ರೆ ಗೋಡೆ. ಎರಡನ್ನೂ ಲೆಕ್ಕ ಹಾಕಿದ್ದೀನಿ, ಎರಡನ್ನೂ ತೋರಿಸ್ತೀನಿ. ಗೋಡೆ ಇದೆ ಅನ್ನಿ, ಬೇಡ ಅನ್ನಲ್ಲ. ಅದನ್ನ ನಾವು ಕಟ್ಟಿದ್ದು ಅಂತಲೂ ಹೇಳಿ."

ವಿಷ್ಣುತೀರ್ಥರು ಸೀಮೆಸುಣ್ಣವನ್ನು ಮೆಲ್ಲಗೆ ಕೆಳಗಿಟ್ಟರು. "ನಿನ್ನ ಥೀಸಿಸ್ಸಿಗೆ ಈ ತಿಂಗಳು ನನ್ನ ಸಹಿ ಆಗಬೇಕಲ್ಲವೇ? ಫೆಲೋಶಿಪ್ ಮುಗೀತಾ ಬಂತಲ್ಲವೇ? ಯೋಚನೆ ಮಾಡಮ್ಮಾ. ಮಿಕ್ಕಿದ್ದು ಅಪ್ಪುರಂ, ಆಮೇಲೆ ನೋಡೋಣ."

ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿಗೆ ಅವಳು ಬಂದಾಗ ಅಪ್ಪ ಅಂದಾನಿ ಬಾಗಿಲಲ್ಲಿ ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದ. ರೈಲುಡಬ್ಬಿ ಕಾರ್ಖಾನೆಯ ವೆಲ್ಡರು, ಯೂನಿಯನ್ನಿನ ಹಳೇ ಹುಲಿ. ಅವನಾದರೂ "ನುಗ್ಗು ಮಗಳೇ" ಅಂದಾನು ಎಂದು ಸುಮತಿ ಎಲ್ಲವನ್ನೂ ಹೇಳಿದಳು.

"ಮೊದಲ ಸೈ ಮಾಡಿಸ್ಕೊ," ಅಂದ ಅಂದಾನಿ. "ಆಮ್ಯಾಲ ಜಗಳಾ ತಗಿ."

"ಅಪ್ಪಾ! ನೀ ಸ್ಟ್ರೈಕ್ ಮಾಡೂವಾಗ ಪಗಾರ ತಗೊಂಡು ಆಮ್ಯಾಲ ಕೂಡ್ತಿದ್ದೇನು?"

"ಹಂಗ ಮಾಡಿದ್ರ ಇವತ್ತ ಸ್ವಂತ ಮನಿ ಇರ್ತಿತ್ತು ಅಂತ ನಿಮ್ಮವ್ವ ಅಂತಾಳ." ಅವನು ನಕ್ಕ. ನಗು ಬೇಗನೆ ಆರಿತು. "ನನ್ನ ಹಿಂದ ನಾನೂರು ಮಂದಿ ಇದ್ರವಾ. ನಿನ್ನ ಹಿಂದ ಯಾರದಾರ? ಆ ನಗಿಸೋ ಹುಡುಗ ಒಬ್ಬಾವ."

"ಸೈ ಆದ ಮ್ಯಾಲ ಬಾಯಿ ತಗದ್ರ, ಮೊದಲ ಯಾಕ ಸುಮ್ನಿದ್ದಿ ಅಂತಾರ. ಸುಳ್ಳಿನ ಮ್ಯಾಲ ನನ್ನ ಹೆಸರು ಕುಂತಿರ್ತದ."

"ಹೆಸರ ಹಿಂದ ಡಾಕ್ಟರ್ ಕುಂತಿರ್ತದಲ್ಲ."

ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಅವನ ಮಾತು ಸರಿಯಿದೆಯಲ್ಲ ಅನ್ನುವುದಕ್ಕೆ ಇನ್ನೂ ಸಿಟ್ಟು ಬಂತು. ಇಂಥ ಕೇರಿಯಿಂದ ಹೋದ ಹುಡುಗಿಗೆ ಡಾಕ್ಟರೇಟು ತಪ್ಪಿದರೆ, ನೋಡಿದಿರಾ, ಇವರಿಗೆಲ್ಲ ಆಗುವ ಕೆಲಸವಲ್ಲ ಅನ್ನುವ ಬಾಯಿಗಳು ತಯಾರಾಗಿಯೇ ಇದ್ದವು. ಸುಮ್ಮನಿದ್ದರೂ ಅವರೇ ಗೆಲ್ಲುತ್ತಾರೆ, ಮಾತಾಡಿದರೂ ಅವರೇ. ಇಂಥ ಆಟದ ನಿಯಮ ಬರೆದವರು ಯಾರು?

ಮಂಗಳವಾರ ಸಂಜೆ ಗೈಡು ಅವಳ ಪಾರದರ್ಶಕ ಹಾಳೆಗಳನ್ನೆಲ್ಲ ತರಿಸಿಕೊಂಡು, ಪ್ರೊಜೆಕ್ಟರಿನ ಮೇಲೆ ಇಡುವ ಆ ಪ್ಲಾಸ್ಟಿಕ್ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಜೋಡಿಸಿ ಹಿಂದಿರುಗಿಸಿದರು. ಮನೆಗೆ ಬಂದು ತೆರೆದರೆ ಏರುಗೆರೆಯ ಹಾಳೆ ಇರಲಿಲ್ಲ. ಚಪ್ಪಟೆ ಗೆರೆ ಇತ್ತು. ಸಂಸ್ಥೆಯ ಪ್ರಿಂಟರ್ ಕೋಣೆ ಬೆಳಿಗ್ಗೆ ತೆರೆಯುವ ಹೊತ್ತಿಗೆ ಅವಳ ಭಾಷಣವೇ ಮುಗಿದಿರುತ್ತಿತ್ತು.

ಬುಧವಾರ ಸಭಾಂಗಣ ತುಂಬಿತ್ತು. ಕೊಲ್ಕತ್ತಾ, ಮುಂಬಯಿ, ಅಹಮದಾಬಾದಿನಿಂದ ಬಂದವರು ಮುಂದಿನ ಸಾಲಲ್ಲಿ. ಅಧ್ಯಕ್ಷರ ಕುರ್ಚಿಯಲ್ಲಿ ವಿಷ್ಣುತೀರ್ಥರೇ. ಮುಂದೆ ಸಮಯ ತಿಳಿಸುವ ಪುಟ್ಟ ಗಂಟೆ. ಪ್ರೊಜೆಕ್ಟರಿನ ಬಳಿ ಮುರಳೀಧರ. ಸುಮತಿ ಒಂದೊಂದೇ ಹಾಳೆ ಇಟ್ಟು ಇಂಗ್ಲಿಷಿನಲ್ಲಿ ವಿವರಿಸಿದಳು. ಚಪ್ಪಟೆ ಗೆರೆಯೂ ಬಂತು. ಗೈಡಿನ ಮುಖ ಸಡಿಲವಾಯಿತು.

ಅವಳು ಆ ಹಾಳೆಯನ್ನು ತೆಗೆಯಲಿಲ್ಲ. ಮುರಳೀಧರನ ಕಡೆ ಕೈ ಚಾಚಿ "ಖಾಲಿ ಹಾಳೆ" ಅಂದಳು.

"ಕಂಡಿಪ್ಪಾ, ಬೇಕೇ ಬೇಕಾ ಅಕ್ಕಾ?" ಅವನು ಅಧ್ಯಕ್ಷರ ಕಡೆ ನೋಡಿದ. ಆದರೂ ಕೊಟ್ಟ. ಜೇಬಿನಿಂದ ಕೆಂಪು ಮಾರ್ಕರನ್ನೂ ಕೊಟ್ಟ.

ಖಾಲಿ ಹಾಳೆಯನ್ನು ಚಪ್ಪಟೆ ಗೆರೆಯ ಮೇಲೆ ಹಾಸಿ, ನೋಡುತ್ತಿದ್ದವರ ಕಣ್ಣೆದುರೇ ಏರುಗೆರೆಯನ್ನು ಕೈಯಲ್ಲಿ ಬರೆದಳು. ತಿಂಗಳುಗಟ್ಟಲೆ ನೋಡಿದ ಗೆರೆ, ಕೈಗೆ ಬಾಯಿಪಾಠ. ಪರದೆಯ ಮೇಲೆ ಕೆಂಪು ಗೆರೆ ಚಪ್ಪಟೆಯ ಕೆಳಗಿನಿಂದ ಹೊರಟು ಅದನ್ನು ಕತ್ತರಿಸಿ ಮೇಲೆ ಹೋಯಿತು. "ಮೊದಲನೆಯದು ಮೇಲ್ಮೈ ಎಳೆತ ಹೆಚ್ಚು ಅಂದುಕೊಂಡರೆ. ಇದು, ಕಡಿಮೆ ಅಂದುಕೊಂಡರೆ. ಯಾವುದು ನಿಜವೋ ಈವತ್ತಿನ ತನಕ ಯಾರಿಗೂ ಗೊತ್ತಿಲ್ಲ," ಅಂದಳು.

ಗಂಟೆ ಬಡಿಯಿತು. ಅವಳಿಗೆ ಇನ್ನೂ ಸಮಯವಿತ್ತು.

ಮುಂದಿನ ಸಾಲಿನಲ್ಲಿದ್ದ ಕೊಲ್ಕತ್ತಾದ ಹಿರಿಯ ಪ್ರೊಫೆಸರೊಬ್ಬರು, ಬಿಳಿ ತಲೆಯ ಹೆಂಗಸು, ಕೂತಲ್ಲಿಂದಲೇ ಕೇಳಿದರು. "ಚಪ್ಪಟೆ ಗೆರೆಯ ಮೂಲ ಪೇಪರಿನಲ್ಲಿ ಈ ಎಳೆತಕ್ಕೆ ಯಾವ ಬೆಲೆ ಇಟ್ಟಿದ್ದರು?"

ಸುಮತಿ ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರ ಕುರ್ಚಿಯಿಂದ ತಗ್ಗಿದ ದನಿ ಬಂತು. ಜಗುಲಿಯ ದನಿ, ಜಗುಲಿಯ ಭಾಷೆ. "ಅದನ್ನ ಬಿಡು. ಕೂತ್ಕೋ ಹೋಗು."

ತುಂಬಿದ ಸಭೆಯಲ್ಲಿ ಅದು ಅರ್ಥವಾದದ್ದು ಮೂವರಿಗೆ. ಸುಮತಿ ಮೈಕಿನ ಹತ್ತಿರ ಬಾಗಿ, ಸ್ಪಷ್ಟವಾಗಿ, ಇಂಗ್ಲಿಷಿನಲ್ಲಿ ಅಂದಳು: "ಆ ಪೇಪರು ಬರೆದವರು ಇಲ್ಲೇ ಇದ್ದಾರೆ. ಅಧ್ಯಕ್ಷರು ನನಗೆ ಕನ್ನಡದಲ್ಲಿ ಕೂತುಕೋ ಅಂದರು. ಅವರೇ ಉತ್ತರ ಹೇಳಿದರೆ ಕೂರುತ್ತೇನೆ."

ನಗು ಎದ್ದಿತು, ತಕ್ಷಣ ಇಂಗಿತು. ತಲೆಗಳೆಲ್ಲ ತಿರುಗಿದವು. ವಿಷ್ಣುತೀರ್ಥರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಬೆಲೆ ಇಟ್ಟಿರಲಿಲ್ಲ. ಅದೊಂದು ಊಹೆ," ಅಂದರು. "ಹೇಳಬೇಕಿತ್ತು" ಎಂದು ಅವರು ಸೇರಿಸಲಿಲ್ಲ. ಸುಮತಿ ಕೂತಳು.

ಊಟದ ಹೊತ್ತಿಗೆ ಅವರು ಮೊಗಸಾಲೆಯಲ್ಲಿ ಅವಳನ್ನು ತಡೆದರು. ಈ ಸಲ ಕನ್ನಡದಲ್ಲೂ ಬಹುವಚನ. "ನಿಮ್ಮ ಥೀಸಿಸ್ಸಿಗೆ ಬೇರೆ ಗೈಡನ್ನು ನೋಡಿಕೊಳ್ಳಿ. ನನ್ನ ಸಹಿ ಸಿಗುವುದಿಲ್ಲ."

"ಆಗ್ಲಿ ಸಾರ್," ಅಂದಳು. ಆ ಎರಡು ಮಾತು ಆಡುವುದಕ್ಕೆ ಅವಳ ಬಳಿಯಿದ್ದ ಧೈರ್ಯವೆಲ್ಲ ಖರ್ಚಾಯಿತು.

ಗೆದ್ದ ಹಿಗ್ಗು ಬರಲಿಲ್ಲ. ಗೇಟಿನ ತನಕ ಹೋದವಳು ಬಸ್ಸು ಹತ್ತದೆ ತಿರುಗಿ ಓಡಿದಳು. ಗೈಡು ಕೈ ಬಿಟ್ಟರೆ ನಾಳೆಯೇ ಕಂಪ್ಯೂಟರಿನ ಅಕೌಂಟು ಮುಚ್ಚುತ್ತದೆ. ಪ್ರೋಗ್ರಾಮು, ಲೆಕ್ಕಗಳು, ನಾಲ್ಕು ವರ್ಷದ ಬದುಕು ಎಲ್ಲ ಅದರೊಳಗೆ.

ಎಲ್ಲವನ್ನೂ ನಕಲಿಳಿಸಿಕೊಳ್ಳಲು ಮುರಳೀಧರ ಎಲ್ಲಿಂದಲೋ ಒಂದು ಡಬ್ಬಿ ಫ್ಲಾಪಿ ಡಿಸ್ಕು ತಂದ. ಅವಳು ತುರುಕುವುದು, ಅವನು ತೆಗೆದು ಅಂಕಿ ಬರೆಯುವುದು. ಯಂತ್ರ ಗೊರಗೊರ ಅನ್ನುತ್ತಿತ್ತು. "ಅಕ್ಕಾ, ಮುಂಬಯಿಯವರು ನಿಮ್ಮ ಹೆಸರು ಕೇಳಿ ಬರ್ಕೊಂಡ್ರು. ಗೈಡ್ ಆಗ್ತಾರಾ ಅಂತ ಕೇಳಿಬಿಡಿ."

"ಮೊದಲು ಇದು ಮುಗೀಲಿ. ಕೊಡೋ."

ಬಾಗಿಲಲ್ಲಿ ನೆರಳು ಬಿತ್ತು. ವಿಷ್ಣುತೀರ್ಥರು. ಮುರಳೀಧರ ಎದ್ದು ನಿಂತ. ಸುಮತಿ ಏಳಲಿಲ್ಲ, ಎದ್ದರೆ ಕೈ ನಿಂತೀತೆಂಬ ಭಯ.

ಅವರು ಫ್ಲಾಪಿಗಳ ಸಾಲು ನೋಡಿದರು, ಪರದೆ ನೋಡಿದರು. ತಡೆಯಲು ಬಂದವರ ಮುಖ ಅದಾಗಿರಲಿಲ್ಲ. ಮಧ್ಯಾಹ್ನವೆಲ್ಲ ಒಂದೇ ಲೆಕ್ಕ ತಲೆಯಲ್ಲಿ ಸುತ್ತಿ ಸೋತವರ ಮುಖ. "ಗೋಡೆ ಬೆರಕೆಯಾಗೋದು ಎಳೆತದ ಯಾವ ಬೆಲೆಗೆ?" ಎಂದು ಕೇಳಿದರು.

ಅವಳು ಹೇಳಿದಳು.

"ಅಷ್ಟೊಂದು ಮೇಲೇನಾ?" ಅವರ ಹುಬ್ಬು ಏರಿತು. ತುಟಿ ಏನೋ ಗುಣಿಸಿತು. ಆ ಬೆಲೆ ಮೇಲಿದ್ದಷ್ಟೂ ಗೋಡೆಗೆ ಉಳಿಯುವ ಜಾಗ ಕಡಿಮೆ. "ನಾನು ಇನ್ನೂ ಕೆಳಗಿರುತ್ತೆ ಅಂದುಕೊಂಡಿದ್ದೆ."

"ಒಳಗೆ ಬಂದು ಪರದೆ ನೋಡಿ ಸಾರ್. ಕುರ್ಚಿ ಇದೆ."

ಅವರು ಬರಲಿಲ್ಲ, ಹೋಗಲೂ ಇಲ್ಲ. "ಸಹಿಯ ವಿಚಾರ ಬೇರೆ," ಅಂದರು ಕೊನೆಗೆ.

"ಹೌದು ಸಾರ್. ಅದು ಬೇರೆ," ಎಂದು ಸುಮತಿ ಮುರಳೀಧರನ ಕಡೆಗೆ ಕೈ ಚಾಚಿ ಮುಂದಿನ ಫ್ಲಾಪಿ ಇಸಿದುಕೊಂಡಳು.