ಶೋಕೇಸಿನ ಡಬ್ಬಗಳು

"ಬೆಳಿಗ್ಗೆ ಜೋಳದ ರೊಟ್ಟಿ, ಮಧ್ಯಾಹ್ನ ಗಂಜಿ, ರಾತ್ರಿ ಮಜ್ಜಿಗೆ ಅನ್ನ. ಏಳು ದಿನವೂ ಇದೇನಾ?" ಡಾಕ್ಟರ್ ಇಮ್ಯಾನುಯೆಲ್ ನೋಟುಪುಸ್ತಕದಿಂದ ತಲೆಯೆತ್ತಿದರು.

"ಹೌದು ಡಾಕ್ಟ್ರೇ," ಎಂದಳು ಕುಶಲಾ. ಕೇಳಿದ್ದು ರೇಣುಕವ್ವನನ್ನು. ಉತ್ತರ ಮಾತ್ರ ಕುಶಲಾಳ ಬಾಯಲ್ಲಿ ಸಿದ್ಧವಾಗಿತ್ತು.

ಗದಗದ ಕಡೆಯ ರೇಣುಕವ್ವ ಅಲೆವೂರಿನ ಕುಶಲಾಳ ಮನೆಯಲ್ಲಿ ಆರು ವರ್ಷದಿಂದ ಪಾತ್ರೆ ತಿಕ್ಕುವವಳು. ಈಗ ಕರುಳಿನಲ್ಲಿ ಹುಣ್ಣು. ದಿನಕ್ಕೆ ಎಂಟು ಹತ್ತು ಸಲ ಹೊರಗೆ ಓಡಬೇಕು, ರಕ್ತ ಬೇರೆ. ತಿಂದದ್ದನ್ನೆಲ್ಲ ಒಂದು ವಾರ ಬರೆದು ತನ್ನಿ ಎಂದು ಮಣಿಪಾಲದ ಈ ಡಾಕ್ಟರು ಹೇಳಿದ್ದರು. ರೇಣುಕವ್ವನಿಗೆ ಅಕ್ಷರ ಬಾರದು. ಅವಳು ಹೇಳಿದ್ದನ್ನು ಕುಶಲಾಳ ಮಗಳು ಚೈತಾಲಿ ಬರೆದಳು. ಅದನ್ನು ಓದಿದ ಕುಶಲಾಳಿಗೆ ಮಾನ ಹೋದೀತೆಂದು ಹೆದರಿಕೆಯಾಯಿತು. ಪುಟ ಹರಿದು ಹೊಸದಾಗಿ ಬರೆಸಿದಳು.

ಹರಿದ ಪುಟಗಳ ತುಂಬ ದುಬಾಯಿಯ ಡಬ್ಬಗಳಿದ್ದವು. ಅಲ್ಲಿ ದುಡಿಯುವ ಗಂಡ ಭೋಜ ಊರಿಗೆ ಬರುವಾಗೆಲ್ಲ ಚೀಸು, ನೂಡಲ್ಸು, ಶರಬತ್ತಿನ ಪುಡಿ, ಹಾಲಿನ ಪುಡಿ ತರುತ್ತಿದ್ದ. ಅವು ತಿನ್ನಲಿಕ್ಕೆ ಬಂದವಲ್ಲ; ಶೋಕೇಸಿನಲ್ಲಿ ಕೂತು ನೆಂಟರ ಕಣ್ಣು ಕುಕ್ಕಲಿಕ್ಕೆ ಬಂದವು. ತಾರೀಕು ಮುಗಿದ ಮೇಲೆ, ಎಸೆಯಲು ಮನಸ್ಸು ಬಾರದೆ, ಕುಶಲಾ ರೇಣುಕವ್ವನ ಕೈಗೆ ಹಾಕುತ್ತಿದ್ದಳು. ದೊಡ್ಡ ದಾನ ಮಾಡಿದವಳ ಮುಖ ಬೇರೆ.

"ಬ್ರೆಡ್ಡಿಗೆ ಬೂಷ್ಟು ಹಿಡಿಯುತ್ತದಲ್ಲ, ಅಂಥದ್ದು ಎಲ್ಲರ ಕರುಳಿನಲ್ಲೂ ಉಂಟು," ಎಂದರು ಡಾಕ್ಟರು. "ನಾವು ತಿಂದದ್ದೇ ಅದಕ್ಕೂ ಊಟ. ಡಬ್ಬದ್ದು, ಸಕ್ಕರೆಯದ್ದು ಜಾಸ್ತಿ ತಿಂದರೆ ಆ ಬೂಷ್ಟೇ ಬದಲಾಗಿ ಹುಣ್ಣು ಕೆರಳುತ್ತದಾ ಅಂತ ನಮಗೆ ಸಂಶಯ. ಇವರ ಊಟದಲ್ಲಿ ಅಂಥದ್ದು ಎಂತದೂ ಇಲ್ಲ. ಹಾಗಾದರೆ ಮಾತ್ರೆಯನ್ನೇ ಡಬಲ್ ಮಾಡಬೇಕು."

ಮಾತ್ರೆ ತಿಂದು ರೇಣುಕವ್ವನ ಮುಖ ಆಗಲೇ ಊದಿಕೊಂಡಿತ್ತು. ಮನೆಯೊಡತಿ ಅಕ್ಕಾರು ಹೇಳಿದ ಮೇಲೆ ಮುಗಿಯಿತು ಎಂಬಂತೆ ಅವಳು ನೆಲ ನೋಡುತ್ತ ಕೂತಿದ್ದಳು. ಕುಶಲಾಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಅದು ಸುಳ್ಳು ಡಾಕ್ಟ್ರೇ. ನಾನೇ ಬರೆಸಿದ್ದು. ಇವಳು ತಿನ್ನುವುದು ನಮ್ಮ ಮನೆಯ ಗಲ್ಫಿನ ಡಬ್ಬ. ಡೇಟ್ ಮುಗಿದದ್ದು. ಎರಡು ವರ್ಷದಿಂದ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಮಾತ್ರೆ ಇಷ್ಟೇ ಇರಲಿ. ಡಬ್ಬ ಬಂದ್. ತಿಂಗಳು ಬಿಟ್ಟು ನೋಡುವ," ಎಂದಷ್ಟೇ ಹೇಳಿ ಬರೆಯತೊಡಗಿದರು.

ಹೊರಗೆ ಬಂದ ಮೇಲೆ ರೇಣುಕವ್ವ ಬಾಯಿಬಿಟ್ಟಳು. "ಹಂಗ್ಯಾಕ ಅಂದ್ರಿ ಅಕ್ಕಾರ? ಅಷ್ಟು ಚಲೋ ತಿನಿಸು ಯಾರು ಕೊಡ್ತಾರ್ರಿ? ನಾ ಒಬ್ಬಾಕೀನೇ ತಿಂದಿಲ್ರಿ. ಹಾಲಿನ ಪುಡಿ ಡಬ್ಬಿ ಒಂದೂ ಮುಟ್ಟದಂಗ ಊರಿಗೆ ಕಳಿಸೇನಿ, ಮಗಳು ಮಹಾಲಕ್ಷ್ಮಿಯ ಕೂಸಿಗೆ."

ಆ ಪುಡಿಗೂ ತಾರೀಕು ಮುಗಿದಿತ್ತು. ಕುಶಲಾಳ ಕಾಲು ನಿಂತಿತು. "ಊರಿನಲ್ಲಿ ಫೋನ್ ಉಂಟಾ?"

"ಬಾಜೂಮನ್ಯಾಗ ಐತ್ರಿ."

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ರೇಣುಕವ್ವ ಬಾಯಿಪಾಠ ಮಾಡಿದ್ದ ನಂಬರು ಹೇಳಿದಳು. ಆ ಕಡೆಯ ಹೆಂಗಸು, "ತಡೀರಿ, ಕರೀತೇನಿ," ಎಂದು ಹೋದಳು. ಮಾತಾಡಲು ರೇಣುಕವ್ವ ಕೈ ಚಾಚಿದಳು. ಕುಶಲಾ ರಿಸೀವರು ಕೊಡಲಿಲ್ಲ. ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದಿದ್ದಳು. ಕಾಲ್ಗೆಜ್ಜೆಯ ಸದ್ದು, ಅದರ ಜೊತೆ ಒಂದು ಮಗುವಿನ ಅಳು ಹತ್ತಿರವಾಗುತ್ತಿತ್ತು.