ಹೆಸರಿಗಷ್ಟೇ ಕೊಟ್ಟ ಕುದುರೆ

"ಬೆನ್ನು ನೆಟ್ಟಗೆ! ಹಿಮ್ಮಡಿ ಕೆಳಕ್ಕೆ! ಲಗಾಮು ಜಗ್ಗಬೇಡಿ, ಅದಕ್ಕೂ ಬಾಯಿದೆ!"

ಬೆಳಿಗ್ಗೆಯಿಂದ ಮಾಲೊ ಇದನ್ನೇ ಕೂಗುತ್ತ ಓಡುತ್ತಿದ್ದ. ಕಡಲದಂಡೆಯ ಮರಳು ಕೆಂಡವಾಗಿತ್ತು. ಕುದುರೆ ಮೇಲಿದ್ದವರಿಗೆ ಟೋಪಿ, ಬೂಟು. ಕಲಿಸುವವನಿಗೆ ಬರಿಗಾಲು. ಬೂಟು ಹಾಕಿದ ಮೇಷ್ಟರು ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಸುಂಬಾ ದ್ವೀಪದವರು ಬರಿಗಾಲಲ್ಲಿ ಓಡಿದರೇ ಪ್ರವಾಸಿಗಳಿಗೆ ಖುಷಿಯಂತೆ. ಹಾಗೆಂದು ಅಪ್ಪಣೆ ಕೊಡಿಸಿದವನು ಸವಾರಿ ಶಾಲೆಯ ಧಣಿ ತಾಂಗು. ದಂಡೆ ಅವನದು, ಹೋಟೆಲು ಅವನದು, ಲಾಯ ಅವನದು. ಅಷ್ಟರಲ್ಲಿ ಮಾಲೊನದು ಅಂತ ಇದ್ದದ್ದು ಒಂದೇ, ಲೋಕೊ.

ಲೋಕೊ ಅಂದರೆ ಹೊಳೆ. ಹೊಳೆದಂಡೆಯಲ್ಲಿ ಹುಟ್ಟಿದ ಮರಿ. ತಾಯಿ ಅಲ್ಲೇ ಸತ್ತಿತು. ಮಾಲೊ ಮತ್ತು ಅವನ ಹೆಂಡತಿ ಕೋನಿ ಎಮ್ಮೆಹಾಲು ಕುಡಿಸಿ, ತಮ್ಮ ಹಾಸಿಗೆಯ ಪಕ್ಕದಲ್ಲೇ ಮಲಗಿಸಿಕೊಂಡು ಅದನ್ನು ಬದುಕಿಸಿದರು. ನಮ್ಮಲ್ಲಿ ಹುಟ್ಟಿದಾಗ ಇಟ್ಟ ಹೆಸರು ಮೂಗಿನ ಸಿಂಬಳ ಒರೆಸಿಕೊಳ್ಳಲು ಬರುವ ತನಕ ಮಾತ್ರ. ಆಮೇಲೆ ಗಂಡಸನ್ನು ಅವನ ಕುದುರೆಯ ಹೆಸರಿನಿಂದಲೇ ಕರೆಯುವುದು. ಹಾಗಾಗಿ ಊರಲ್ಲಿ ಮಾಲೊ ಎಲ್ಲಿ ಎಂದು ಕೇಳಿದರೆ ಯಾವ ಮಾಲೊ ಅನ್ನುತ್ತಾರೆ. ಲೋಕೊ ಅಂದರೆ ಮನೆ ಬಾಗಿಲಿಗೇ ತಂದು ಬಿಡುತ್ತಾರೆ.

ಹೋದ ವರ್ಷ ಧಣಿ ಅವನ ಹೆಗಲ ಮೇಲೆ ಕೈಹಾಕಿ ಹೇಳಿದ್ದ.

"ಲೋಕೊ, ನಿನ್ನ ಕುದುರೆ ನನ್ನ ಹೆಸರಿಗೆ ಇರ್ಲಿ ಕಣೋ. ಯಾರಾದ್ರೂ ಬಿದ್ದು ಕೈಕಾಲು ಮುರ್ಕೊಂಡ್ರೆ ವಿಮೆಯೋರು ಕೇಳ್ತಾರೆ. ಹೆಸರಿಗಷ್ಟೇ. ಕುದುರೆ ನಿಂದೇ, ಅದರ ಲದ್ದೀನೂ ನಿಂದೇ."

ಬೇರೆ ಯಾರಾದರೂ ಆಗಿದ್ದರೆ ಎದೆ ಝಲ್ಲೆನ್ನುತ್ತಿತ್ತು. ಮಾಲೊ ಹಿಗ್ಗಿ ಹೀರೆಕಾಯಿ ಆದ. ಯಾಕೆಂದರೆ ನಮ್ಮಲ್ಲಿ ಇಬ್ಬರಿಗೆ ಒಂದೇ ಹೆಸರಾದರೆ ಅವರು ಒಡಹುಟ್ಟಿದವರಿಗಿಂತ ಹೆಚ್ಚು. ಒಬ್ಬ ಹಸಿದಿರುವಾಗ ಇನ್ನೊಬ್ಬ ಉಣ್ಣುವ ಹಾಗಿಲ್ಲ. ಒಬ್ಬನ ಸೊತ್ತಿಗೆ ಇನ್ನೊಬ್ಬ ಕಾವಲು. ಕುದುರೆ ಇಬ್ಬರದಾದರೆ ಹೆಸರೂ ಇಬ್ಬರದು, ಧಣಿ ತನ್ನನ್ನು ಹೆಸರಿನ ತಮ್ಮ ಮಾಡಿಕೊಂಡ ಎಂದೇ ಆ ಪೆದ್ದ ತಿಳಿದ. ಒಂದು ಕೆಂಪು ಹುಂಜ ಹಿಡಿದುಕೊಂಡು ಧಣಿಯ ಮನೆಗೆ ಹೋಗಿ ಕಾಲಿಗೆರಗಿ ಬಂದ. ಧಣಿ ನಕ್ಕ. ಹುಂಜವನ್ನೂ ಇಟ್ಟುಕೊಂಡ.

"ಹೆಸರು ಅಂದ್ರೆ ನಮಗೊಂದು, ಅವ್ರಿಗೊಂದು," ಎಂದಳು ಕೋನಿ. "ಊರಿಗೆ ಹಿರಿಯ, ಬುಲು ಮಾವನ್ನಾದ್ರೂ ಒಂದ್ಮಾತು ಕೇಳ್ಬೇಕಿತ್ತು."

"ಸುಮ್ನಿರೇ. ಅಷ್ಟು ದೊಡ್ಡ ಮನುಷ್ಯ ನನ್ನ ಹೆಸರು ಕೇಳಿದ್ದಾನೆ, ಇಲ್ಲ ಅನ್ಲಾ?"

ಈ ವರ್ಷ ಮಳೆ ನಿಂತ ಮೇಲೆ ಧಣಿಯ ಅಪ್ಪ ಸತ್ತ. ಮಣ್ಣಿನ ದಿನ ಕಡಿಯುವ ಎಮ್ಮೆ, ಹಂದಿ ಎಲ್ಲ ಕೂಡಿಬರುವ ತನಕ ಹೆಣವನ್ನು ಬಟ್ಟೆ ಸುತ್ತಿ ಮನೆಯಲ್ಲೇ ಇಟ್ಟಿದ್ದರು. ಮಣ್ಣಿನ ದಿನ ಹಿರಿಮಗ ಕುದುರೆ ಏರಿ ಹೆಣದ ಮುಂದೆ ಹೋಗಬೇಕು. ಗೋರಿಯ ಹತ್ತಿರ ಒಂದು ಕುದುರೆ ಕಡಿಯಬೇಕು, ಸತ್ತವನು ಅದರ ಮೇಲೆ ಹಿರಿಯರ ಊರಿಗೆ ಸವಾರಿ ಹೋಗುತ್ತಾನೆ. ಕಡಿಯುವುದಕ್ಕೆ ಲಾಯದ ಕುರುಡು ಮುದಿ ಕುದುರೆ ಇದೆಯಲ್ಲ ಎಂದು ಊರೆಲ್ಲ ಅಂದುಕೊಂಡಿತ್ತು.

ತಮಾಷೆ ಅಂದರೆ ಅಪ್ಪ ಜೀಪು ಬಿಟ್ಟು ಇಳಿದವನಲ್ಲ. ಸವಾರಿ ಶಾಲೆ ನಡೆಸುವ ಮಗ ಕುದುರೆ ಹತ್ತಿದವನೇ ಅಲ್ಲ!

"ನಂಗೂ ಕಲಿಸೋ," ಎಂದ ಧಣಿ. "ಜನ ನಗ್ಬಾರ್ದು."

ಮಾಲೊ ಲೋಕೊನ ಮೇಲೆಯೇ ಕಲಿಸಿದ. ಮೊದಲು ಧಣಿ ಅಕ್ಕಿಮೂಟೆ ಕೂತ ಹಾಗೆ ಕೂತ. ಅತ್ತ ಜಾರಿದ, ಇತ್ತ ಜಾರಿದ. ಆಳುಗಳು ಮುಖ ತಿರುಗಿಸಿಕೊಂಡು ನಕ್ಕರು.

"ಬೆನ್ನು ನೆಟ್ಟಗೆ, ಧಣಿ. ಹೆದರಬೇಡಿ. ನೀವು ಹೆದರಿದ್ರೆ ಅದಕ್ಕೂ ತಿಳಿಯುತ್ತೆ."

"ಬೀಳಿಸಿದ್ರೆ ನಿನ್ನ ಚರ್ಮ ಸುಲೀತೀನಿ."

"ಬೀಳ್ಸಲ್ಲ ಧಣಿ," ಎಂದ ಮಾಲೊ. ಆಮೇಲೆ ಕುದುರೆಯ ಕಿವಿಯಲ್ಲಿ ಹೇಳಿದ, "ಹುಷಾರು ಮಗನೇ, ನಮ್ಮ ಅಣ್ಣ." ಲೋಕೊ ತುಂಬಿದ ಕೊಡ ಹೊತ್ತವಳಂತೆ ನಡೆಯಿತು. ದಿನಾ ಸಂಜೆ ಪಾಠ ನಡೆದು ಧಣಿಯ ಬೆನ್ನು ಕೊನೆಗೂ ನೆಟ್ಟಗಾಯಿತು.

ಮಣ್ಣಿನ ದಿನ ಲೋಕೊನ ಕೊರಳಿಗೆ ಗೆಜ್ಜೆ ಕಟ್ಟಿದ್ದರು. "ಎಷ್ಟು ಚೆನ್ನಾಗಿ ಕೂತಿದ್ದಾರಪ್ಪಾ ಧಣಿ!" ಎಂದರು ಜನ. ಪಕ್ಕದಲ್ಲಿ ನಡೆಯುತ್ತಿದ್ದ ಮಾಲೊನ ಎದೆ ಉಬ್ಬಿತು. ಕಲಿಸಿದವನಿಗೆ ಅದಕ್ಕಿಂತ ಏನು ಬೇಕು?

ಗೋರಿಯ ಕಲ್ಲಿನ ಹತ್ತಿರ ಧಣಿ ಇಳಿದ. ಲಗಾಮಿಗೆ ಮಾಲೊ ಕೈಯೊಡ್ಡಿದ. ಧಣಿ ಅದನ್ನು ಕತ್ತಿ ಹಿಡಿದು ನಿಂತವನ ಕೈಗೆ ಕೊಟ್ಟ.

"ಅಯ್ಯೋ, ಇದಲ್ಲ ಧಣಿ! ಮುದಿ ಕುದುರೆ ಅಲ್ಲಿದೆ!"

"ನಮ್ಮಪ್ಪ ಕುರುಡು ಕುದುರೆ ಮೇಲೆ ಹೋಗ್ಬೇಕೇನೋ? ನನ್ನ ಹೆಸರಲ್ಲಿರೋ ಒಳ್ಳೇ ಕುದುರೆ ಇದು."

"ಹೆಸರಿಗಷ್ಟೇ ಅಂದಿದ್ರಿ..."

"ಹೆಸರಿಗೇ ಅಲ್ವೇನಯ್ಯಾ ಇಷ್ಟೆಲ್ಲ? ನಿಂಗೂ ಗೌರವ. ದಾರಿ ಬಿಡು."

ಮಾಲೊ ಸುತ್ತ ನೋಡಿದ. ಎಲ್ಲರೂ ಗೊತ್ತಿದ್ದವರೇ. ಒಬ್ಬ ಹೋಟೆಲಿನ ಅಡುಗೆಯವ, ಒಬ್ಬ ಧಣಿಯ ಗದ್ದೆಯವ, ಒಬ್ಬ ಲಾಯದವ. ಎಲ್ಲರೂ ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು.

ಲೋಕೊ ಕತ್ತಿಯವನಿಗೆ ನಿಲ್ಲಲಿಲ್ಲ. ಹಿಂಗಾಲಿನ ಮೇಲೆ ಎದ್ದು ಕೆನೆಯಿತು. ಧಣಿ ಬೆವರು ಒರೆಸಿಕೊಂಡ. "ನೀನೇ ಹಿಡ್ಕೊ. ನೀನು ಹಿಡಿದ್ರೆ ನಿಲ್ಲುತ್ತೆ."

ಹಿಡಿಯುವುದಿಲ್ಲ ಎನ್ನಬಹುದಿತ್ತು. ಆದರೆ ನಿಲ್ಲದ ಕುದುರೆಗೆ ಏಟು ಸರಿಯಾಗಿ ಬೀಳುವುದಿಲ್ಲ. ಮತ್ತೆ ಮತ್ತೆ ಕಡಿಯುತ್ತಾರೆ. ಅದನ್ನು ಮಾಲೊ ಬೇರೆ ಕಡೆ ಕಂಡಿದ್ದ. ಅವನು ಹೋಗಿ ಲೋಕೊನ ಹಣೆಗೆ ಹಣೆ ಇಟ್ಟ. "ನಿಲ್ಲು ಮಗನೇ," ಎಂದ. ಕುದುರೆ ಅವನ ಅಂಗಿಯನ್ನು ಮೂಸಿತು. ನಿಂತಿತು. ಅವನು ಹೇಳಿದ ಮಾತನ್ನು ಅದು ಯಾವತ್ತೂ ಮೀರಿರಲಿಲ್ಲ.

ಆಮೇಲೆ ಅಂಗಳದಲ್ಲಿ ಮಾಂಸದ ಪಾಲು, ಎಮ್ಮೆ, ಹಂದಿ, ಲೋಕೊ ಎಲ್ಲ ಸೇರಿ. ಹೆಸರು ಕೂಗಿ ಪಾಲು ಎಸೆಯುವವನು ಬುಲು ಮಾವ. ಜಗಲಿಯ ಮೇಲೆ ನಿಂತು ಒಂದೊಂದೇ ಹೆಸರು ಕೂಗುತ್ತ ಬಂದ.

"ಲೋಕೊ!"

ಮಾಲೊನ ತಲೆ ತಾನಾಗಿಯೇ ಮೇಲೆದ್ದಿತು. ಅಷ್ಟರಲ್ಲಿ ನಡುವಿನ ಚಾಪೆಯಿಂದ ಧಣಿ ಕೈಯೆತ್ತಿದ. "ಇಲ್ಲಿ." ದೊಡ್ಡ ತೊಡೆ ಅವನ ಮುಂದೆ ಬಿತ್ತು. ಕುದುರೆ ಯಾರದೋ ಅವರದೇ ಹೆಸರು. ಪದ್ಧತಿ ಹಾಗೇ ಇದೆ, ಯಾರೇನು ಹೇಳಿಯಾರು?

ಕೊನೆಯ ಪಾಲು ಉಳಿಯಿತು. ಬುಲು ಮಾವ ಮಾಲೊನನ್ನು ನೋಡಿದ. ಏನೆಂದು ಕೂಗುವುದು? ಕೊನೆಗೆ, ಸಣ್ಣ ಹುಡುಗರನ್ನು ಕರೆಯುವಂತೆ, "ಮಾಲೊ..." ಎಂದ. ಮೂಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಂಸ ಮಾಲೊನ ಕಾಲಬುಡದಲ್ಲಿ ಬಂದು ಬಿತ್ತು.

ಹೆಂಗಸರ ಸಾಲಿನಿಂದ ಕೋನಿ ಎದ್ದು ಬಂದಳು. ಆ ಪಾಲನ್ನು ಎತ್ತಿ ಧಣಿಯ ಚಾಪೆಯ ಮೇಲೆ ಹಾಕಿದಳು. ಪಾಲು ತಿರುಗಿಸಿ ಕೊಡುವುದೆಂದರೆ ನಮ್ಮಲ್ಲಿ ಮುಖಕ್ಕೆ ಉಗಿದಂತೆ.

"ನನ್ನ ಗಂಡನಿಗೆ ಒಂದು ಹೆಸ್ರಿತ್ತು," ಎಂದಳು. "ಅದನ್ನೇ ಕಡಿದು ಹಂಚ್ಕೊಂಡಿದ್ದೀರಿ. ತಿನ್ನಿ. ಎಲ್ರೂ ತಿನ್ನಿ!"

ಬುಲು ಮಾವ ಜಗಲಿಯಿಂದ ಇಳಿದು, ತನ್ನ ಪಾಲನ್ನು ಮುಟ್ಟದೆ ಗೋಡೆಗೆ ಮುಖ ಮಾಡಿ ಕೂತ. ಮಿಕ್ಕವರು ಒಬ್ಬರ ಮುಖ ಒಬ್ಬರು ನೋಡಿ, ತಮ್ಮ ತಮ್ಮ ಮಾಂಸವನ್ನು ಎಲೆಯಲ್ಲಿ ಸುತ್ತಿಕೊಂಡರು.

ಗಂಡ ಹೆಂಡತಿ ಬೇಲಿ ದಾಟುವಾಗ ಧಣಿ ಹಿಂದಿನಿಂದ ಕೂಗಿದ. "ಏಯ್ ಮಾಲೊ! ಬೆಳಿಗ್ಗೆ ಬೇಗ ಬಾ. ಪ್ರವಾಸಿಗಳಿದ್ದಾರೆ. ಕಂದು ಕುದುರೆಗೆ ಜೀನು ಕಟ್ಟು."

ಕೋನಿ ಗಂಡನ ಮುಖವನ್ನೇ ನೋಡುತ್ತ ನಿಂತಳು.

"ಆಯ್ತು ಧಣಿ," ಎಂದ ಮಾಲೊ.